ಸ್ಯಾಮ್ಯುಯಲ್ ಪ್ಲಿಮ್ಸಾಲ್ ಎಳೆಯಿಸಿದ ಗೆರೆ

ವಾಚಕರಲ್ಲಿ ಕಡಲ ಕಡೆಯವರು ದೊಡ್ಡ ಸರಕು ಹಡಗುಗಳ ಪಕ್ಕೆಯ ನಡುಭಾಗದಲ್ಲಿ ಒಂದು ಗುರುತನ್ನು ಕಂಡಿರಬಹುದು: ಒಂದು ವರ್ತುಲ, ಅದನ್ನು ಅಡ್ಡಲಾಗಿ ಹಾದುಹೋಗುವ ಒಂದು ಗೆರೆ. ಹಡಗಿಗೆ ಎಷ್ಟು ಭಾರ ಹೇರಬಹುದೆಂಬುದರ ಮೇರೆ ಅದು. ಇದಕ್ಕೆ ಸ್ಯಾಮ್ಯುಯಲ್ ಪ್ಲಿಮ್ಸಾಲನ ಹೆಸರಿದೆ. ಆತನು ನಾವಿಕನೂ ಅಲ್ಲ, ಹಡಗಿನ ಒಡೆಯನೂ ಅಲ್ಲ, ಕಲ್ಲಿದ್ದಲಿನ ವ್ಯಾಪಾರಿ.

ಪ್ಲಿಮ್ಸಾಲನು 1824ನೆಯ ಫೆಬ್ರವರಿ 10ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜನಿಸಿದನು. ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟು ಗುಮಾಸ್ತನಾದನು. 1853ರಲ್ಲಿ ಲಂಡನ್ನಿಗೆ ಬಂದು ಕಲ್ಲಿದ್ದಲಿನ ವ್ಯಾಪಾರ ಹೂಡಿ ಕೈ ಸುಟ್ಟುಕೊಂಡನು. ಕಾಸಿಗೂ ಗತಿಯಿಲ್ಲದೆ ಕೂಲಿಕಾರರ ನಡುವೆ ಕಳೆದ ಆ ದಿನಗಳನ್ನು ಆತನು ಮತ್ತೆ ಸ್ಥಿತಿವಂತನಾದ ಮೇಲೂ ಮರೆಯಲಿಲ್ಲ. 1868ರಲ್ಲಿ ಡರ್ಬಿ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿ ಬಂದನು.

ಆ ಕಾಲದ ಹಡಗು ವ್ಯಾಪಾರದ ರೀತಿಯನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಹಳೆಯ, ಲಡ್ಡು ಹಿಡಿದ ಹಡಗಿಗೂ ಕಂಠಮಟ್ಟ ಸರಕು ತುಂಬಬಹುದಾಗಿತ್ತು. ಅದರ ಬೆಲೆಗಿಂತ ಹೆಚ್ಚಿನ ವಿಮೆಯನ್ನೂ ಇಳಿಸಬಹುದಾಗಿತ್ತು. ಮುಳುಗಿದರೆ ಒಡೆಯನಿಗೆ ನಷ್ಟವಿಲ್ಲ. ಜನರು ಇವನ್ನು ಶವಪೆಟ್ಟಿಗೆಗಳೆಂದೇ ಕರೆದರು. ಕರಾರಿಗೆ ಒಪ್ಪಿದ ಖಲಾಸಿಯು ಹಡಗಿನ ಅವಸ್ಥೆಯನ್ನು ಕಂಡು ಹೆದರಿ ಹತ್ತಲೊಲ್ಲೆನೆಂದರೆ ಅವನಿಗೆ ಸೆರೆಮನೆ! ಕಾನೂನು ಇತ್ತು, ಆದರೆ ಅದು ಮುಳುಗುವವನನ್ನು ಹಡಗಿಗೆ ಹತ್ತಿಸುವುದಕ್ಕೆ ಇತ್ತು.

ಭಾರದ ಗೆರೆ ಕಡ್ಡಾಯವಾಗಬೇಕೆಂದು ಮೊದಲು ವಾದಿಸಿದವನು ಪ್ಲಿಮ್ಸಾಲನಲ್ಲ. ಜೇಮ್ಸ್ ಹಾಲ್ ಎಂಬ ಹಡಗಿನ ಒಡೆಯನೇ ಆತನಿಗಿಂತ ಮುಂಚೆ ಈ ಮಾತೆತ್ತಿದ್ದನು. ಆದರೆ ಅದನ್ನು ಜನರ ಬಾಯಿಗೆ ತಂದವನು ಪ್ಲಿಮ್ಸಾಲನೇ. 1873ರಲ್ಲಿ ನಾವಿಕರ ಪಾಡನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಒಡೆಯರು ಮಾನನಷ್ಟದ ಮೊಕದ್ದಮೆ ಹೂಡಿದರು. ಸರಕಾರ ವಿಚಾರಣಾ ಆಯೋಗವನ್ನು ನೇಮಿಸಿತು.

1875ರ ಜುಲೈ 22ರಂದು ಪ್ರಧಾನಿ ಡಿಸ್ರೇಲಿಯು ಹಡಗು ಮಸೂದೆಯನ್ನು ಆ ಅಧಿವೇಶನದಲ್ಲಿ ಕೈಬಿಡುವುದಾಗಿ ಸಾರಿದಾಗ ಪ್ಲಿಮ್ಸಾಲನ ತಾಳ್ಮೆ ತಪ್ಪಿತು. ಮುಷ್ಟಿ ಝಳಪಿಸಿ ಸದಸ್ಯರನ್ನೇ ನೀಚರೆಂದು ಜರೆದನು, ಸಭೆಯಿಂದ ಹೊರಹೋಗಬೇಕಾಯಿತು. ವಾರದೊಳಗೆ ಕ್ಷಮೆಯನ್ನೂ ಕೇಳಿದನು. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಈ ವರ್ತನೆಯನ್ನು ಹೊಗಳಬಾರದೇನೋ. ಆದರೂ ಅಂದು ಆತನು ಸುಮ್ಮನೆ ಕುಳಿತಿದ್ದರೆ ಇಂಗ್ಲೆಂಡು ಎಚ್ಚರಗೊಳ್ಳುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಜನರ ಕೂಗಿಗೆ ಬೆದರಿ ಸರಕಾರ ಆ ವರ್ಷವೇ ತಾತ್ಕಾಲಿಕ ಶಾಸನ ಮಾಡಿತು. 1876ರಲ್ಲಿ ಗೆರೆ ಕಡ್ಡಾಯವಾಯಿತು.

ಇಲ್ಲೊಂದು ಮೋಜು ನೋಡಿ. ಗೆರೆ ಇರಲೇಬೇಕೆಂದ ಕಾನೂನು, ಅದು ಎಲ್ಲಿರಬೇಕೆಂಬುದನ್ನು ಒಡೆಯನಿಗೇ ಬಿಟ್ಟಿತು! ಒಬ್ಬನು ಅದನ್ನು ಹೊಗೆ ಕೊಳವೆಯ ಮೇಲೆ ಬರೆಯಿಸಿದನಂತೆ. ಗೆರೆಯ ಜಾಗವನ್ನು ಶಾಸನವೇ ಗೊತ್ತುಮಾಡಿದ್ದು 1890ರಲ್ಲಿ. ಈ ಹದಿನಾಲ್ಕು ವರ್ಷ ಹಡಗಿನ ಮೇಲೆ ಇದ್ದದ್ದು ಬರೀ ಬಣ್ಣ.

ನಮ್ಮ ತಂದೆಯವರು ಧಕ್ಕೆಯಲ್ಲಿ ಮೂಟೆ ಹೊರುವವರು, ಅಕ್ಷರ ಬಾರದು. ಮಂಜಿಗೆ ಸರಕು ತುಂಬುವಾಗ ನೀರು ಯಾವ ಹಲಗೆಗೆ ಬಂತೆಂದು ನೋಡಿಯೇ ಅವರು ಸಾಕೆನ್ನುತ್ತಾರೆ. ಇನ್ನೂ ಹತ್ತು ಮೂಟೆ ಹಾಕೆಂದು ಗದರುವ ಧಣಿಯ ಮುಂದೆ ಕೂಲಿಯವನ ಸಾಕು ಎಂಬ ಮಾತಿಗೆ ಬೆಲೆ ಎಷ್ಟು? ಪ್ಲಿಮ್ಸಾಲನ ಗುರುತಿನ ಹಿರಿಮೆ ನನಗೆ ತಿಳಿದದ್ದು ಆಗ. ಅದನ್ನು ಓದಲು ಶಾಲೆ ಬೇಡ, ಇಂಗ್ಲಿಷ್ ಬೇಡ. ದಡದಲ್ಲಿ ನಿಂತ ಯಾರಿಗೂ ಅದು ಕಾಣುತ್ತದೆ.

ವರ್ತುಲದ ಪಕ್ಕದ ಏಣಿಯಂಥ ಗೆರೆಗಳಿಗೂ ಅರ್ಥವಿದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ನದಿಯಲ್ಲಿ ಹಡಗು ಹೆಚ್ಚು ಇಳಿಯುತ್ತದೆ, ಅದಕ್ಕೊಂದು ಗೆರೆ. ಉಷ್ಣವಲಯದ ಕಡಲಿಗೆ ಒಂದು, ಬೇಸಗೆಗೆ ಒಂದು, ಚಳಿಗಾಲಕ್ಕೆ ಒಂದು. ಚಳಿಗಾಲದ ಉತ್ತರ ಅಟ್ಲಾಂಟಿಕ್ಕಿನ ಗೆರೆ ಎಲ್ಲಕ್ಕಿಂತ ಕೆಳಗೆ. ಇವು 1930ರ, ಆಮೇಲೆ 1966ರ ಅಂತರರಾಷ್ಟ್ರೀಯ ಒಪ್ಪಂದಗಳಿಂದ ಲೋಕಕ್ಕೆಲ್ಲ ಸಾಮಾನ್ಯವಾದುವು. ವರ್ತುಲದ ಹೊರ ಅಡ್ಡಳತೆ 300 ಮಿಲಿಮೀಟರ್, ಗೆರೆಯ ಉದ್ದ 450.

ಪ್ಲಿಮ್ಸಾಲನು 1880ರಲ್ಲಿ ತನ್ನ ಸ್ಥಾನವನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟನು. ಮುಂದೆ ನಾವಿಕರ ಸಂಘಕ್ಕೆ ಅಧ್ಯಕ್ಷನಾದನು. ಹಡಗುಗಳಲ್ಲಿ ಸಾಗಿಸುವ ದನಗಳ ಹಿಂಸೆಯನ್ನು ಕುರಿತೂ 1890ರಲ್ಲಿ ಬರೆದನು. 1898ನೆಯ ಜೂನ್ 3ರಂದು ತೀರಿಕೊಂಡನು. ಥೇಮ್ಸ್ ನದಿಯ ದಂಡೆಯಲ್ಲಿ ಆತನ ಸ್ಮಾರಕವಿದೆ. 1929ರಲ್ಲಿ ಅದನ್ನು ನಿಲ್ಲಿಸಿದವರು ಪಾರ್ಲಿಮೆಂಟಿನವರಲ್ಲ, ನಾವಿಕರ ಸಂಘದವರು.