ಸೈಡ್‌ಬರ್ನ್ಸ್ ಹೆಸರಿನ ಹಿಂದೆ ಒಬ್ಬ ರೈಲ್ವೆ ಖಜಾಂಚಿ

ಕಿವಿಯ ಮುಂದೆ ಇಳಿಯುವ ಕೂದಲಿಗೆ ಸೈಡ್‌ಬರ್ನ್ಸ್ ಎನ್ನುತ್ತೇವೆ. ‘ಸೈಡ್’ ಎಂದರೆ ಬದಿ, ಸರಿ. ‘ಬರ್ನ್’ ಎಲ್ಲಿಂದ ಬಂತು? ಸುಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಅಮೆರಿಕದ ಆಂಬ್ರೋಸ್ ಬರ್ನ್‌ಸೈಡ್ ಅವರ ಹೆಸರು ಹಿಂದುಮುಂದಾಗಿ ಹುಟ್ಟಿದ ಪದ. ಗಲ್ಲವನ್ನು ನುಣ್ಣಗೆ ಬೋಳಿಸಿ, ಕೆನ್ನೆಯ ಕೂದಲನ್ನು ಮೀಸೆಗೆ ಸೇರಿಸುವುದು ಅವರ ಗುರುತಾಗಿತ್ತು. ಆದರೆ ಕೆನ್ನೆಗೂದಲು ಬಿಡುವುದನ್ನೇ ಅವರು ಶುರು ಮಾಡಿದರು ಎಂದರೆ ನಂಬಬೇಡಿ. ಅದು ಮೊದಲೇ ಇತ್ತು.

1824ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದ ಬರ್ನ್‌ಸೈಡ್ ಮೊದಲು ಕಲಿತದ್ದು ದರ್ಜಿ ಕೆಲಸ. ಆಮೇಲೆ ವೆಸ್ಟ್ ಪಾಯಿಂಟ್ ಸೇನಾ ಶಾಲೆ ಸೇರಿ 1847ರಲ್ಲಿ ಅಧಿಕಾರಿಯಾದರು. ಮುಂದೆ ಸೇನೆ ಬಿಟ್ಟು, ಕುದುರೆ ಸವಾರರಿಗೆಂದು ತಾವೇ ರೂಪಿಸಿದ ಗಿಡ್ಡ ಬಂದೂಕಿನ ಕಾರ್ಖಾನೆ ತೆರೆದರು. ನಂಬಿಕೊಂಡಿದ್ದ ಸರ್ಕಾರಿ ಆರ್ಡರ್ ಬರಲಿಲ್ಲ. ದಿವಾಳಿಯಾಗಿ ಪೇಟೆಂಟನ್ನೂ ಸಾಲಗಾರರಿಗೆ ಬಿಟ್ಟುಕೊಟ್ಟರು. ಮುಂದಿನ ಯುದ್ಧದಲ್ಲಿ ಅದೇ ಬಂದೂಕು 50 ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು, ಲಾಭ ಮಾತ್ರ ಬೇರೆಯವರ ಪಾಲಾಯಿತು.

ಆಗ ಕೈಹಿಡಿದವರು ಗೆಳೆಯ ಜಾರ್ಜ್ ಮೆಕ್ಲೆಲನ್. ಇಲಿನಾಯ್ ಸೆಂಟ್ರಲ್ ರೈಲ್ವೆ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅವರು ಬರ್ನ್‌ಸೈಡ್‌ಗೆ ಅಲ್ಲೇ ಕೆಲಸ ಕೊಡಿಸಿದರು. ಬರ್ನ್‌ಸೈಡ್ ಕಂಪನಿಯ ಖಜಾಂಚಿಯಾದರು. ಅದೇ ಕಂಪನಿಯ ಪರ ಕೋರ್ಟಿನಲ್ಲಿ ವಾದಿಸುತ್ತಿದ್ದ ವಕೀಲರೊಬ್ಬರ ಹೆಸರು ನಿಮಗೆ ಗೊತ್ತು: ಅಬ್ರಹಾಂ ಲಿಂಕನ್.

1861ರಲ್ಲಿ ಅಂತರ್ಯುದ್ಧ ಶುರುವಾದಾಗ ವಕೀಲರು ರಾಷ್ಟ್ರಾಧ್ಯಕ್ಷರು, ಗೆಳೆಯರಿಬ್ಬರೂ ಅವರ ಸೇನಾನಾಯಕರು. ಮೆಕ್ಲೆಲನ್ ಅವರ ನಿಧಾನಕ್ಕೆ ಬೇಸತ್ತ ಲಿಂಕನ್, ಅವರ ಜಾಗಕ್ಕೆ ಬರ್ನ್‌ಸೈಡ್‌ರನ್ನು ಕರೆದರು. ಅಷ್ಟು ದೊಡ್ಡ ಸೇನೆ ನಡೆಸಲು ತಾನು ತಕ್ಕವನಲ್ಲ ಎಂದು ಅವರು ಎರಡು ಸಲ ಒಲ್ಲೆ ಎಂದರು. 1862ರ ನವೆಂಬರ್‌ನಲ್ಲಿ ಆದೇಶವೇ ಬಂದಾಗ ಒಪ್ಪಿಕೊಂಡರು.

ಮುಂದಿನ ತಿಂಗಳೇ ಫ್ರೆಡರಿಕ್ಸ್‌ಬರ್ಗ್ ಕದನ. ನದಿ ದಾಟಲು ಬೇಕಿದ್ದ ತೇಲುಸೇತುವೆಗಳು ತಡವಾಗಿ ಬಂದವು. ಅಷ್ಟರಲ್ಲಿ ಎದುರಾಳಿಗಳು ಗುಡ್ಡದ ಮೇಲೂ ಕಲ್ಲುಗೋಡೆಯ ಹಿಂದೆಯೂ ನೆಲೆಯೂರಿದ್ದರು. ಯೋಜನೆ ಬದಲಿಸಬಹುದಿತ್ತು, ಅವರು ಬದಲಿಸಲಿಲ್ಲ. ಬಯಲಿನಲ್ಲಿ ತಂಡದ ಮೇಲೆ ತಂಡ ಕಳುಹಿಸಿದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 12,600 ಮಂದಿಯ ನಷ್ಟ. ಸೇತುವೆ ತಡವಾದದ್ದು ಬೇರೆಯವರಿಂದ, ಆದರೂ ಸೋಲಿನ ಹೊಣೆ ತನ್ನದೇ ಎಂದು ಅವರು ಬರೆದುಕೊಟ್ಟರು. ಜನವರಿಯಲ್ಲಿ ಆ ಹುದ್ದೆ ಹೋಯಿತು. 1864ರಲ್ಲಿ ಪೀಟರ್ಸ್‌ಬರ್ಗ್ ಬಳಿ ಸುರಂಗ ಸ್ಫೋಟಿಸಿ ನಡೆಸಿದ ದಾಳಿಯೂ ಕೆಟ್ಟು, ಅವರ ಸೇನಾ ಬದುಕು ಮುಗಿಯಿತು.

ರೈಲ್ವೆ ಮಾತ್ರ ಅವರನ್ನು ಬಿಡಲಿಲ್ಲ. ಯುದ್ಧದ ಬಳಿಕ ಹಲವು ರೈಲ್ವೆ ಕಂಪನಿಗಳಿಗೆ ಅಧ್ಯಕ್ಷರಾದರು. ರೋಡ್ ಐಲ್ಯಾಂಡ್ ಜನ ಅವರನ್ನು ಮೂರು ಸಲ ಗವರ್ನರ್ ಆಗಿ ಆರಿಸಿದರು, ಆಮೇಲೆ ಸೆನೆಟ್‌ಗೂ ಹೋದರು. ಸೆನೆಟರ್ ಆಗಿದ್ದಾಗಲೇ, 1881ರ ಸೆಪ್ಟೆಂಬರ್ 13ರಂದು ತೀರಿಕೊಂಡರು. ಆಗ ಅವರಿಗೆ 57 ವರ್ಷ.