ಒಂದು ಪತ್ರದ ಋಣ: ರಾಬರ್ಟ್ ಬ್ಲಾಕ್

ಹೋದ ಸೆಮಿಸ್ಟರ್ ಒಂದು ರಾತ್ರಿ ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು 'ಸೈಕೋ' ನೋಡಿದ್ವಿ. 1960ರ ಕಪ್ಪು-ಬಿಳುಪು ಸಿನಿಮಾ, ಇದೇನು ಹೆದರಿಸುತ್ತೆ ಅಂತ ನಗ್ತಾ ಶುರು ಮಾಡಿದ್ದು. ಮುಗಿದ ಮೇಲೆ ಕಾರಿಡಾರ್ ಕೊನೆಯಲ್ಲಿರೋ ಬಾತ್‌ರೂಮಿಗೆ ಒಬ್ಬನೇ ಹೋಗೋಕೆ ಯಾರೂ ತಯಾರಿರಲಿಲ್ಲ. ಈ ಸಿನಿಮಾ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರೋದು ಹಿಚ್‌ಕಾಕ್ ಹೆಸರು. ಇದು ಮೊದಲು ಒಂದು ಕಾದಂಬರಿ ಆಗಿತ್ತು, ಅದನ್ನ ಬರೆದವರು ರಾಬರ್ಟ್ ಬ್ಲಾಕ್ ಅನ್ನೋದು ನನಗೆ ಅವತ್ತು ಟೈಟಲ್ ಕಾರ್ಡ್ ನೋಡಿದಾಗಲೇ ಗೊತ್ತಾಗಿದ್ದು.

ಇಂಟರ್ನಲ್ಸ್ ಹತ್ತಿರ ಇತ್ತು. ಆದ್ದರಿಂದ ಸಹಜವಾಗಿಯೇ ಓದೋದು ಬಿಟ್ಟು ಬ್ಲಾಕ್ ಬಗ್ಗೆ ಹುಡುಕ್ತಾ ಕೂತೆ. ಇಂಥ ಕಥೆ ಬರೆದವರು ಕತ್ತಲೆ ಕೋಣೆಯಲ್ಲಿ ಒಬ್ಬರೇ ಕೂರೋ ಮನುಷ್ಯ ಇರಬೇಕು ಅಂತ ನನ್ನ ಊಹೆ. ಆದರೆ ಸಿಕ್ಕಿದ್ದು ಬೇರೆಯೇ ವ್ಯಕ್ತಿ. ಫ್ಯಾಂಟಸಿ ಮತ್ತು ಸೈನ್ಸ್ ಫಿಕ್ಷನ್ ಅಭಿಮಾನಿಗಳ ಸಮ್ಮೇಳನಗಳಿಗೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹೋಗ್ತಾ ಇದ್ದವರು, ಮೈಕ್ ಹಿಡಿದರೆ ಸಭೆಯನ್ನೆಲ್ಲಾ ನಗಿಸ್ತಾ ಇದ್ದವರು. ಅವರ ಕಥೆ ಶುರುವಾಗೋದು ಒಂದು ಪತ್ರದಿಂದ.

ಬ್ಲಾಕ್ ಹುಟ್ಟಿದ್ದು 1917ರ ಏಪ್ರಿಲ್ 5ರಂದು, ಅಮೆರಿಕದ ಶಿಕಾಗೋದಲ್ಲಿ. ಅಪ್ಪ ಬ್ಯಾಂಕ್ ಕ್ಯಾಷಿಯರ್, ಅಮ್ಮ ಸಮಾಜಸೇವೆಯ ಕೆಲಸದಲ್ಲಿದ್ದವರು. ಇಬ್ಬರೂ ಜರ್ಮನ್ ಯಹೂದಿ ಮೂಲದವರು. ಎಂಟು-ಒಂಬತ್ತು ವರ್ಷದವನಿದ್ದಾಗ ಹುಡುಗ ಒಬ್ಬನೇ ಹೋಗಿ ಲಾನ್ ಚೇನಿ ನಟಿಸಿದ 'ದ ಫ್ಯಾಂಟಮ್ ಆಫ್ ದ ಆಪೆರಾ' ಮೂಕಿ ಚಿತ್ರ ನೋಡಿದ. ಭೂತದ ಮುಖವಾಡ ಕಳಚೋ ದೃಶ್ಯಕ್ಕೆ ಹೆದರಿ ಮನೆವರೆಗೂ ಓಡಿದ. ಭಯ ಬಿದ್ದ ಆ ರಾತ್ರಿಯಿಂದಲೇ ಭಯದ ಕಥೆಗಳ ಹುಚ್ಚೂ ಹಿಡೀತು. 1927ರಲ್ಲಿ, ಹತ್ತು ವರ್ಷಕ್ಕೆ, ಸಂಬಂಧಿಯೊಬ್ಬರು ರೈಲ್ವೆ ಸ್ಟೇಷನ್ನಿನಲ್ಲಿ ಯಾವ ಪತ್ರಿಕೆ ಬೇಕು ಆರಿಸಿಕೋ ಅಂದಾಗ ಅವನು ಆರಿಸಿದ್ದು 'ವಿಯರ್ಡ್ ಟೇಲ್ಸ್'. ದೆವ್ವ, ಮಾಟ, ಬೇರೆ ಲೋಕದ ಜೀವಿಗಳು, ಇಂಥ ಕಥೆಗಳೇ ತುಂಬಿರೋ ಅಗ್ಗದ ಕಾಗದದ ಮಾಸಪತ್ರಿಕೆ ಅದು.

ಆಮೇಲೆ ಅಪ್ಪನ ಬ್ಯಾಂಕ್ ಕೆಲಸ ಹೋಯ್ತು. ಮನೆಯವರೆಲ್ಲಾ ಮಿಲ್ವಾಕಿ ಊರಿಗೆ ಬಂದರು. ಅದು ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಮನೆಯಲ್ಲಿ ದುಡ್ಡು ಕಮ್ಮಿ, ಆದರೂ ಹುಡುಗ ಪತ್ರಿಕೆ ಬಿಡಲಿಲ್ಲ. ಅದರಲ್ಲಿ ಅವನಿಗೆ ತುಂಬಾ ಇಷ್ಟವಾದ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್. ಹಳೆಯ ಸಂಚಿಕೆಗಳಲ್ಲಿ ಬಂದಿದ್ದ ಲವ್‌ಕ್ರಾಫ್ಟ್ ಕಥೆಗಳು ಮಾತ್ರ ಎಲ್ಲೂ ಸಿಗ್ತಾ ಇರಲಿಲ್ಲ. ಅವು ಪುಸ್ತಕವಾಗಿ ಬಂದಿರಲಿಲ್ಲ, ಇವತ್ತಿನ ಹಾಗೆ ಪಿಡಿಎಫ್ ಹುಡುಕೋ ಕಾಲವೂ ಅಲ್ಲ. 1933ರಲ್ಲಿ ಹದಿನಾರು ವರ್ಷದ ಹುಡುಗ ಧೈರ್ಯ ಮಾಡಿ ಪತ್ರಿಕೆಯ ಮೂಲಕ ಲವ್‌ಕ್ರಾಫ್ಟ್‌ಗೇ ಪತ್ರ ಬರೆದ. ನಿಮ್ಮ ಹಳೇ ಕಥೆಗಳು ಎಲ್ಲಿ ಸಿಗುತ್ತವೆ ಅಂತ ಕೇಳಿದ್ದ, ಅಷ್ಟೇ.

ಉತ್ತರ ಬಂತು. ಲವ್‌ಕ್ರಾಫ್ಟ್ ತಮ್ಮ ಹತ್ತಿರ ಇದ್ದ ಪ್ರತಿಗಳನ್ನೇ ಓದೋಕೆ ಕಳಿಸ್ತೀನಿ ಅಂದರು, ಕಳಿಸಿದರು. ಸ್ವಲ್ಪ ಪತ್ರಗಳಾದ ಮೇಲೆ, ನೀನೂ ಯಾಕೆ ಬರೆಯಬಾರದು, ಬರೆದರೆ ನನಗೆ ಕಳಿಸು, ನೋಡ್ತೀನಿ ಅಂತ ಹುರಿದುಂಬಿಸಿದರು. ಲವ್‌ಕ್ರಾಫ್ಟ್ ಆಗ ನಲವತ್ತು ದಾಟಿದ, ಕೈಯಲ್ಲಿ ಕಾಸಿಲ್ಲದ ಲೇಖಕ. ಒಂದು ಸಾಲಿನ ಉತ್ತರ ಬರೆದು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ಕೊನೆವರೆಗೂ ಈ ಹುಡುಗನಿಗೆ ಉದ್ದುದ್ದ ಪತ್ರ ಬರೀತಾನೇ ಇದ್ದರು. ಅಷ್ಟೇ ಅಲ್ಲ, ಇವನ ಹಾಗೇ ಬರೀತಾ ಇದ್ದ ಬೇರೆಯವರ ವಿಳಾಸಗಳನ್ನೂ ಕೊಟ್ಟರು. ಊರಿಂದ ಊರಿಗೆ ಪತ್ರಗಳಲ್ಲೇ ನಡೀತಿದ್ದ ಒಂದು ಗೆಳೆಯರ ಬಳಗ ಅದು.

1934ರಲ್ಲಿ ಹೈಸ್ಕೂಲು ಮುಗೀತು. ಬ್ಲಾಕ್ ಒಂದು ಸೆಕೆಂಡ್ ಹ್ಯಾಂಡ್ ಟೈಪ್‌ರೈಟರ್ ಕೊಂಡು ಕೂತ. ಆರು ವಾರದೊಳಗೆ 'ವಿಯರ್ಡ್ ಟೇಲ್ಸ್' ಅವನ ಕಥೆಯೊಂದನ್ನ ಕೊಂಡುಕೊಂಡಿತು. ವಯಸ್ಸು ಹದಿನೇಳು. ನನಗಿಂತ ಎರಡು ವರ್ಷ ಚಿಕ್ಕವನು!

ಈ ಗುರು-ಶಿಷ್ಯರ ಸಂಬಂಧ ಬರೀ ಭಕ್ತಿಯದ್ದಾಗಿರಲಿಲ್ಲ, ತಮಾಷೆಯೂ ತುಂಬಾ ಇತ್ತು. 1935ರಲ್ಲಿ ಬ್ಲಾಕ್ ಒಂದು ಕಥೆಯಲ್ಲಿ ಲವ್‌ಕ್ರಾಫ್ಟ್ ಥರಾನೇ ಇರೋ ಪಾತ್ರವನ್ನ ತಂದು ಭೀಕರವಾಗಿ ಸಾಯಿಸಿದ. ಅದಕ್ಕೆ ಮುಂಚೆ ಗುರುವಿನ ಅನುಮತಿ ಕೇಳಿದ್ದ. ಲವ್‌ಕ್ರಾಫ್ಟ್ ಕೋರ್ಟ್ ದಸ್ತಾವೇಜಿನ ಥರ ಒಂದು ಅನುಮತಿ ಪತ್ರ ಬರೆದು, ಕಾಲ್ಪನಿಕ ಪಾತ್ರಗಳ ಹೆಸರಲ್ಲಿ ಸಾಕ್ಷಿ ಸಹಿಯನ್ನೂ ಹಾಕಿ ಕಳಿಸಿದರು. ಆಮೇಲೆ ಸೇಡು ತೀರಿಸಿಕೊಳ್ಳೋದು ಬೇಡವೇ? 'ದ ಹಾಂಟರ್ ಆಫ್ ದ ಡಾರ್ಕ್' ಅನ್ನೋ ಕಥೆಯಲ್ಲಿ ಮಿಲ್ವಾಕಿಯಿಂದ ಬಂದ ರಾಬರ್ಟ್ ಬ್ಲೇಕ್ ಅನ್ನೋ ಯುವ ಲೇಖಕನನ್ನ ಸಾಯಿಸಿ, ಕಥೆಯನ್ನ ಬ್ಲಾಕ್‌ಗೇ ಅರ್ಪಣೆ ಮಾಡಿದರು.

1937ರ ಮಾರ್ಚ್ 15ರಂದು ಲವ್‌ಕ್ರಾಫ್ಟ್ ತಮ್ಮ ಊರು ಪ್ರಾವಿಡೆನ್ಸ್‌ನಲ್ಲಿ ತೀರಿಕೊಂಡರು. ವಯಸ್ಸು 46. ಮಿಲ್ವಾಕಿಯಿಂದ ಪ್ರಾವಿಡೆನ್ಸ್ ಸುಮಾರು ಸಾವಿರ ಮೈಲಿ. ಇಬ್ಬರ ಹತ್ತಿರವೂ ದುಡ್ಡಿರಲಿಲ್ಲ. ನಾಲ್ಕು ವರ್ಷ ಪತ್ರ ಬರೆದುಕೊಂಡವರು ಒಂದು ಸಲವೂ ಮುಖಾಮುಖಿ ಆಗಲಿಲ್ಲ. ಬ್ಲಾಕ್‌ಗೆ ಆಗ ಇನ್ನೂ ಹತ್ತೊಂಬತ್ತು. ಇದನ್ನ ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇಂಥ ಓದುಗರು ಒಂದು ಕಡೆ ಸೇರೋ ಪದ್ಧತಿ ದೊಡ್ಡದಾಗಿ ಬೆಳೆದಿದ್ದು ಲವ್‌ಕ್ರಾಫ್ಟ್ ಹೋದ ಮೇಲೆ. ಮೊದಲ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನ ನಡೆದಿದ್ದು 1939ರಲ್ಲಿ, ನ್ಯೂಯಾರ್ಕಿನಲ್ಲಿ, ಸುಮಾರು 200 ಜನರ ಜೊತೆ. ಸಮ್ಮೇಳನ ಅಂದರೆ ನಮ್ಮ ಸಾಹಿತ್ಯ ಸಮ್ಮೇಳನದ ಮೆರವಣಿಗೆ, ಸರ್ಕಾರದ ಅನುದಾನ ಕಲ್ಪಿಸಿಕೊಳ್ಳಬೇಡಿ. ಇದು ನಮ್ಮ ಕಾಲೇಜ್ ಫೆಸ್ಟ್‌ಗೆ ಹತ್ತಿರ. ಅಭಿಮಾನಿಗಳೇ ದುಡ್ಡು ಹಾಕಿ ಹೋಟೆಲ್ ಬುಕ್ ಮಾಡ್ತಾರೆ, ಅವರೇ ವಾಲಂಟಿಯರ್‌ಗಳು. ಹಗಲು ಭಾಷಣ, ಚರ್ಚೆ, ಹಳೇ ಪತ್ರಿಕೆಗಳ ಮಾರಾಟ, ಚಿತ್ರಗಳ ಹರಾಜು. ರಾತ್ರಿ ಯಾರದೋ ರೂಮಲ್ಲಿ ಬೆಳಗಿನವರೆಗೂ ಹರಟೆ. ಸಮ್ಮೇಳನ ಇಲ್ಲದಿದ್ದಾಗ ಅವರನ್ನ ಜೋಡಿಸ್ತಾ ಇದ್ದಿದ್ದು ಫ್ಯಾನ್‌ಜೀನ್‌ಗಳು, ಅಂದರೆ ಅಭಿಮಾನಿಗಳೇ ಟೈಪ್ ಮಾಡಿ, ಸೈಕ್ಲೋಸ್ಟೈಲ್ ಮಾಡಿ, ಅಂಚೆಯಲ್ಲಿ ಕಳಿಸೋ ಪುಟ್ಟ ಪತ್ರಿಕೆಗಳು. ನೀವು ಈಗ ಓದ್ತಾ ಇರೋ ಈ ಪತ್ರಿಕೆಯ ಅಜ್ಜಂದಿರು ಅಂತ ಇಟ್ಟುಕೊಳ್ಳಿ.

1948ರಲ್ಲಿ ಕೆನಡಾದ ಟೊರಾಂಟೋದಲ್ಲಿ ಈ ವಿಶ್ವ ಸಮ್ಮೇಳನ ನಡೆದಾಗ ಗೌರವ ಅತಿಥಿ ಆಗಿದ್ದವರು ಬ್ಲಾಕ್. ಆಗ ಅವರು ಮಿಲ್ವಾಕಿಯ ಒಂದು ಜಾಹೀರಾತು ಕಂಪನಿಯಲ್ಲಿ ಕಾಪಿರೈಟರ್. ಹಗಲು ಜಾಹೀರಾತು ಬರೆಯೋದು, ಉಳಿದ ಹೊತ್ತು ಕಥೆ. 'ವಿಯರ್ಡ್ ಟೇಲ್ಸ್' ಕೊಡ್ತಾ ಇದ್ದಿದ್ದು ಪದಕ್ಕೆ ಸುಮಾರು ಒಂದು ಸೆಂಟ್. ಹೆಂಡತಿಗೆ ಮೂಳೆಯ ಕ್ಷಯ, ಮನೆಯಲ್ಲಿ ಚಿಕ್ಕ ಮಗಳು. ಅದೇ ಟೊರಾಂಟೋದಲ್ಲಿ ಅಭಿಮಾನಿಗಳ ಪರವಾಗಿ ಗೌರವ ಅತಿಥಿ ಆಗಿದ್ದವರು ಬಾಬ್ ಟಕ್ಕರ್, ಸಿನಿಮಾ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸ್ತಾ ಇದ್ದ ಮನುಷ್ಯ. ಬ್ಲಾಕ್ ಮತ್ತು ಟಕ್ಕರ್ ಜೀವಮಾನದ ಗೆಳೆಯರಾದರು.

ಶಾಲೆಯಲ್ಲಿ ಬ್ಲಾಕ್ ನಾಟಕ, ಹಾಸ್ಯದ ಸ್ಕಿಟ್ ಮಾಡ್ತಾ ಇದ್ದವರು. ಕಾಮಿಡಿಯನ್ ಆಗಬೇಕು ಅನ್ನೋ ಆಸೆ ಇತ್ತು. ಆ ಆಸೆ ಪೂರೈಸಿದ್ದು ಸಮ್ಮೇಳನದ ವೇದಿಕೆಯಲ್ಲಿ. ನಿರೂಪಣೆಗೆ, ಹರಾಜು ಕೂಗೋಕೆ, ಯಾವುದಕ್ಕೆ ಕರೆದರೂ ಬರ್ತಾ ಇದ್ದರು. ದುಡ್ಡಿಗೆ ಬರೆಯೋ ಲೇಖಕ ಆಗಿದ್ದರೂ ಯಾರೋ ಹುಡುಗರ ಫ್ಯಾನ್‌ಜೀನ್‌ಗೆ ಬಿಟ್ಟಿ ಲೇಖನ ಬರೆದುಕೊಡ್ತಾ ಇದ್ದರು. 1950ರ ದಶಕದಲ್ಲಿ 'ಇಮ್ಯಾಜಿನೇಷನ್' ಪತ್ರಿಕೆಯಲ್ಲಿ ಇಂಥ ಸೈಕ್ಲೋಸ್ಟೈಲ್ ಪತ್ರಿಕೆಗಳನ್ನ ವಿಮರ್ಶೆ ಮಾಡೋಕೇ ಒಂದು ಅಂಕಣ ನಡೆಸಿದರು. ಯೋಚನೆ ಮಾಡಿ, ಹದಿನೈದು-ಹದಿನಾರು ವರ್ಷದ ಹುಡುಗರು ಮನೆಯಲ್ಲಿ ಮಾಡಿದ ಪತ್ರಿಕೆಯನ್ನ ಒಬ್ಬ ಹೆಸರಾಂತ ಲೇಖಕರು ಓದಿ ಅಚ್ಚಿನಲ್ಲಿ ಅದರ ಬಗ್ಗೆ ಬರೀತಾರೆ. ಅವರು ಫ್ಯಾನ್‌ಜೀನ್‌ಗಳಿಗೆ ಬರೆದ ಲೇಖನಗಳೇ ಸೇರಿ 1962ರಲ್ಲಿ ಒಂದು ಪುಸ್ತಕ ಆಯ್ತು.

1953ರಲ್ಲಿ ಬ್ಲಾಕ್ ಕೆಲಸ ಬಿಟ್ಟು ಹೆಂಡತಿಯ ಊರಾದ ವೆಯಾವೀಗಾ ಅನ್ನೋ ಸಣ್ಣ ಊರಿಗೆ ಬಂದರು. 1957ರ ನವೆಂಬರ್‌ನಲ್ಲಿ ಅಲ್ಲಿಂದ ಸುಮಾರು 40 ಮೈಲಿ ದೂರದ ಪ್ಲೇನ್‌ಫೀಲ್ಡ್‌ನಲ್ಲಿ ಎಡ್ ಗೀನ್ ಅನ್ನೋ ಕೊಲೆಗಾರ ಸಿಕ್ಕಿಬಿದ್ದ. ಎಲ್ಲರಿಗೂ ಎಲ್ಲರೂ ಗೊತ್ತಿರೋ ಊರಲ್ಲಿ, ಪಕ್ಕದ ಮನೆಯವನೇ ಇಂಥವನು ಅಂತ ಯಾರಿಗೂ ಅನುಮಾನ ಬರಲಿಲ್ಲವಲ್ಲ ಅನ್ನೋ ಒಂದೇ ಯೋಚನೆಯಿಂದ ಹುಟ್ಟಿದ್ದು 'ಸೈಕೋ'. ಪುಸ್ತಕ 1959ರಲ್ಲಿ ಬಂತು. ಸಿನಿಮಾ ಹಕ್ಕಿಗೆ ಯಾರೋ ಹೆಸರು ಹೇಳದೆ 9,500 ಡಾಲರ್ ಕೊಟ್ಟರು. ಅದರಲ್ಲೂ ಪ್ರಕಾಶಕರು, ಏಜೆಂಟ್ ತಮ್ಮ ಪಾಲು ತಗೊಂಡರು. ಕೊಂಡವರು ಹಿಚ್‌ಕಾಕ್ ಅಂತ ಬ್ಲಾಕ್‌ಗೆ ಗೊತ್ತಾಗಿದ್ದು ಆಮೇಲೆ. ಸುಮಾರು 8 ಲಕ್ಷ ಡಾಲರ್‌ನಲ್ಲಿ ತಯಾರಾದ ಸಿನಿಮಾ ಕೋಟಿಗಟ್ಟಲೆ ಗಳಿಸಿತು, ಬ್ಲಾಕ್‌ಗೆ ಅದರಲ್ಲಿ ಪಾಲು ಬರಲಿಲ್ಲ.

ಅದೇ 1959ರಲ್ಲಿ ಡೆಟ್ರಾಯಿಟ್ ಸಮ್ಮೇಳನದಲ್ಲಿ ಅವರ 'ದಟ್ ಹೆಲ್-ಬೌಂಡ್ ಟ್ರೇನ್' ಕಥೆಗೆ ಹ್ಯೂಗೋ ಪ್ರಶಸ್ತಿ ಬಂತು. ಇದು ಅಭಿಮಾನಿಗಳೇ ವೋಟ್ ಹಾಕಿ ಕೊಡೋ ಪ್ರಶಸ್ತಿ. ಕಥೆ ಹೀಗಿದೆ. ಅಲೆಮಾರಿ ಹುಡುಗ ಮಾರ್ಟಿನ್‌ಗೆ ನರಕದ ರೈಲಿನ ಕಂಡಕ್ಟರ್ ಒಂದು ಗಡಿಯಾರ ಕೊಡ್ತಾನೆ. ಬದುಕಿನ ಅತ್ಯಂತ ಸುಖದ ಗಳಿಗೆಯಲ್ಲಿ ಅದನ್ನ ನಿಲ್ಲಿಸಿದರೆ ಆ ಗಳಿಗೆ ಶಾಶ್ವತ. ಕೆಲಸ, ಮದುವೆ, ಮಗು, ದುಡ್ಡು ಎಲ್ಲಾ ಬರುತ್ತೆ. ಇದಕ್ಕಿಂತ ಒಳ್ಳೇದು ಮುಂದೆ ಬರಬಹುದು ಅಂತ ಅವನು ನಿಲ್ಲಿಸೋದೇ ಇಲ್ಲ. ಕೊನೆಗೆ ಸತ್ತು ನರಕದ ರೈಲು ಹತ್ತಿದರೆ ಒಳಗೆ ಜನ ಹಾಡ್ತಾ, ಇಸ್ಪೀಟ್ ಆಡ್ತಾ, ಜೋರಾಗಿ ನಗ್ತಾ ಇದ್ದಾರೆ. ಆಗ ಗಡಿಯಾರ ನಿಲ್ಲಿಸ್ತಾನೆ. ರೈಲು ನರಕ ತಲುಪೋದೇ ಇಲ್ಲ. ಸಮ್ಮೇಳನಗಳ ಬಗ್ಗೆ ಓದಿದ ಮೇಲೆ ನನಗೆ ಆ ಬೋಗಿ ಅವರು ವರ್ಷಾವರ್ಷ ಹೋಗ್ತಿದ್ದ ಹೋಟೆಲ್ ರೂಮುಗಳ ಥರಾನೇ ಕಾಣುತ್ತೆ. ಇದು ನನ್ನ ಊಹೆ ಅಷ್ಟೇ.

ಆಮೇಲೆ ಬ್ಲಾಕ್ ಹಾಲಿವುಡ್‌ಗೆ ಹೋದರು. ಟಿವಿಗೆ ಬರೆದರು, 'ಸ್ಟಾರ್ ಟ್ರೆಕ್'ನ ಮೂರು ಕಂತುಗಳು ಅವರವು. ಸಮ್ಮೇಳನಗಳನ್ನ ಮಾತ್ರ ಬಿಡಲಿಲ್ಲ. 1973ರಲ್ಲಿ ಟೊರಾಂಟೋ ಮತ್ತೆ ಅವರನ್ನ ಗೌರವ ಅತಿಥಿ ಮಾಡಿತು. 25 ವರ್ಷ ಹಿಂದೆ 200 ಜನ ಇದ್ದ ಕಡೆ ಈ ಸಲ 2,000ಕ್ಕೂ ಹೆಚ್ಚು ಜನ.

1975ರಲ್ಲಿ ಫ್ಯಾಂಟಸಿಗೇ ಅಂತ ಬೇರೆಯಾಗಿ ವಿಶ್ವ ಸಮ್ಮೇಳನ ಶುರುವಾಯ್ತು. ಮೊದಲನೆಯದು ನಡೆದಿದ್ದು ಅಕ್ಟೋಬರ್ 31ರಿಂದ ನವೆಂಬರ್ 2ರವರೆಗೆ. ಊರು ಪ್ರಾವಿಡೆನ್ಸ್, ವಿಷಯ ಲವ್‌ಕ್ರಾಫ್ಟ್ ಬಳಗ, ಗೌರವ ಅತಿಥಿ ರಾಬರ್ಟ್ ಬ್ಲಾಕ್. ಮೊದಲ ಜೀವಮಾನ ಸಾಧನೆ ಪ್ರಶಸ್ತಿಯೂ ಅವರಿಗೇ. ಕೈಗೆ ಕೊಟ್ಟ ಟ್ರೋಫಿ ಗಾಹನ್ ವಿಲ್ಸನ್ ಮಾಡಿದ ಲವ್‌ಕ್ರಾಫ್ಟ್ ತಲೆಯ ಶಿಲ್ಪ. ಯಾವತ್ತೂ ಎದುರಿಗೆ ನೋಡದ ಗುರುವಿನ ಮುಖವನ್ನ, ಗುರು ಸತ್ತು 38 ವರ್ಷ ಆದ ಮೇಲೆ, ಗುರುವಿನ ಊರಲ್ಲೇ ಅವರು ಕೈಯಲ್ಲಿ ಹಿಡಿದುಕೊಂಡರು. ಆಗ ಅವರಿಗೆ 58 ವರ್ಷ.

ಇಲ್ಲಿಗೆ ನಿಲ್ಲಿಸಿದರೆ ಚೆಂದ, ಆದರೆ ಪೂರ್ತಿ ನಿಜ ಆಗಲ್ಲ. ಲವ್‌ಕ್ರಾಫ್ಟ್ ಜನಾಂಗ ದ್ವೇಷ ಇದ್ದ ಮನುಷ್ಯ. ಕಪ್ಪು ಜನರ ಬಗ್ಗೆ, ಯಹೂದಿಗಳ ಬಗ್ಗೆ ಅವರು ಬರೆದಿರೋದನ್ನ ಓದಿದರೆ ಬೇಜಾರಾಗುತ್ತೆ. 2011ರಲ್ಲಿ ಈ ಸಮ್ಮೇಳನದ ಕಾದಂಬರಿ ಪ್ರಶಸ್ತಿ ಗೆದ್ದ ನ್ನೆಡಿ ಒಕೊರಾಫೋರ್, ನೈಜೀರಿಯಾ ಮೂಲದ ಲೇಖಕಿ, ಆ ತಲೆಯನ್ನ ಮನೆಯಲ್ಲಿ ಇಟ್ಟುಕೊಳ್ಳೋದರ ಕಷ್ಟದ ಬಗ್ಗೆ ಬರೆದರು. ಚರ್ಚೆ ನಡೆದು 2015ರಲ್ಲಿ ಆ ಟ್ರೋಫಿ ಕೈಬಿಡೋ ನಿರ್ಧಾರ ಆಯ್ತು. ಅದು ಸರಿ ಅಂತಲೇ ನನಗೆ ಅನಿಸುತ್ತೆ. ಆದರೆ ಅದೇ ಮನುಷ್ಯ ಒಬ್ಬ ಯಹೂದಿ ಹುಡುಗನಿಗೆ ನಾಲ್ಕು ವರ್ಷ ಪ್ರೀತಿಯಿಂದ ಪತ್ರ ಬರೆದಿದ್ದೂ ನಿಜ. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳೋದು ಅಂತ ನನಗಿನ್ನೂ ಗೊತ್ತಾಗಿಲ್ಲ.

ಬ್ಲಾಕ್ 1993ರಲ್ಲಿ ಆತ್ಮಕಥೆ ಪ್ರಕಟಿಸಿದರು. 1994ರ ಸೆಪ್ಟೆಂಬರ್ 23ರಂದು ಲಾಸ್ ಏಂಜಲೀಸ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಪೇಪರ್‌ಗಳಿಗೆ ಅವರು 'ಸೈಕೋ' ಲೇಖಕ. ಸಮ್ಮೇಳನದವರಿಗೆ ಅವರು ಗೆಳೆಯ.

ಕೊನೆಗೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ಹೋದ ವರ್ಷ ಈ ಪತ್ರಿಕೆಗೆ ಕಳಿಸಿದ ನನ್ನ ಮೊದಲ ಲೇಖನದಲ್ಲಿ ಒತ್ತಕ್ಷರ ಎಲ್ಲಾ ತಪ್ಪು. ಫೈನಲ್ ಇಯರ್ ಅಕ್ಕ ಒಬ್ಬರು ಪ್ಲೇಸ್‌ಮೆಂಟ್ ಗಡಿಬಿಡಿಯ ಮಧ್ಯೆ ಸಾಲು ಸಾಲೂ ತಿದ್ದಿ, ಇನ್ನೊಂದು ಬರಿ ಅಂತ ಹೇಳಿ ಕಳಿಸಿದ್ದರು. ಈಗ ಬಂದ ಬರಹ ನೋಡೋ ಕೆಲಸ ನನ್ನದು. ಫಸ್ಟ್ ಇಯರ್‌ನವರೊಬ್ಬರ ದೆವ್ವದ ಕಥೆ ಮೂರು ವಾರದಿಂದ ನಮ್ಮ ಮೇಲ್‌ನಲ್ಲಿದೆ. ಲ್ಯಾಬ್ ರೆಕಾರ್ಡ್ ನೆಪ ಹೇಳಿ ನಾನು ಉತ್ತರ ಕೊಟ್ಟಿರಲಿಲ್ಲ. ನಿನ್ನೆ ರಾತ್ರಿ ಈ ಲೇಖನ ಮುಗಿಸೋಕೆ ಮುಂಚೆ ಅದನ್ನ ಪೂರ್ತಿ ಓದಿ ಎರಡು ಪುಟ ಉತ್ತರ ಬರೆದೆ. ಕಥೆ ಚೆನ್ನಾಗಿದೆ. ಮುಂದಿನ ಸಂಚಿಕೆಯಲ್ಲಿ ನೀವೂ ಓದ್ತೀರಿ.