ಮಣ್ಣಿನ ಮಸೀದಿ ಕಟ್ಟಿದ ಹಸನ್ ಫತ್ಹಿ

ಮಳೆಗಾಲ ಬಂತೆಂದರೆ ನಮ್ಮ ದಾದಾ ಮನೆಯ ಮಣ್ಣಿನ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದರು. ಈಗ ಅವರಿಲ್ಲ. ಸಿದ್ದಾಪುರದ ಆ ಮನೆ ಕೆಡವಿ ಆರ್‌ಸಿಸಿ ಕಟ್ಟುವ ಮಾತು ನಡೆದಿದೆ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ ಅವರ ಬದುಕನ್ನು ನಾನು ಓದಿದ್ದು ಇದೇ ಹೊತ್ತಿಗೆ.

ಫತ್ಹಿ 1900ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದರು, 1926ರಲ್ಲಿ ಕೈರೋದಲ್ಲಿ ಪದವಿ ಪಡೆದರು. ರೈತರಿಗೆ ಕಡಿಮೆ ಖರ್ಚಿನ ಮನೆ ಕಟ್ಟಬೇಕೆಂಬುದು ಅವರ ಹಂಬಲ. ಗೋಡೆಗೆ ಹಸಿ ಇಟ್ಟಿಗೆ ಸಾಕು, ತೊಡಕು ಇದ್ದದ್ದು ಚಾವಣಿಯಲ್ಲಿ. ಎರಡನೇ ಮಹಾಯುದ್ಧದ ಕಾಲ, ಮರವೂ ಉಕ್ಕೂ ಸಿಗುತ್ತಿರಲಿಲ್ಲ. ಮಣ್ಣಿನಲ್ಲೇ ಕಮಾನು ಚಾವಣಿ ಮಾಡಿಸಿ ನೋಡಿದರು, ಕುಸಿದು ಬಿತ್ತು. ನುಬಿಯಾದವರು ಆಸರೆಯಿಲ್ಲದೆ ಇಂಥ ಚಾವಣಿ ಕಟ್ಟುತ್ತಾರೆಂದು ಆಗ ಅವರ ಸಹೋದರ ತಿಳಿಸಿದರು. ಫತ್ಹಿ ಆಸ್ವಾನಿಗೆ ಹೊರಟರು. ಅಲ್ಲಿಯ ಗೌಂಡಿಗಳು ಇಟ್ಟಿಗೆಯ ಮೊದಲ ಕಮಾನನ್ನು ಹಿಂಬದಿಯ ಗೋಡೆಗೆ ಒರಗಿಸುತ್ತಾರೆ. ಎರಡನೆಯದು ಮೊದಲನೆಯದಕ್ಕೆ ಒರಗುತ್ತದೆ, ಮೂರನೆಯದು ಎರಡನೆಯದಕ್ಕೆ. ಹಗುರಾಗಲೆಂದು ಇಟ್ಟಿಗೆಗೆ ಹುಲ್ಲು ಹೆಚ್ಚು ಬೆರೆಸುತ್ತಾರೆ. ಕೆಳಗೆ ಒಂದು ಹಲಗೆಯೂ ಬೇಡ! ಡಿಗ್ರಿ ಪಡೆದವರು ಗೌಂಡಿಗಳ ಶಿಷ್ಯರಾದರು. ಅವರ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ.

ಲಕ್ಸರ್ ಹತ್ತಿರದ ಗೂರ್ನಾದ ಜನ ಪ್ರಾಚೀನ ಗೋರಿಗಳ ಮೇಲೆಯೇ ಮನೆ ಮಾಡಿಕೊಂಡಿದ್ದರು. ಅವರನ್ನು ಸ್ಥಳಾಂತರಿಸಲು ಹೊಸ ಊರು ಕಟ್ಟುವ ಕೆಲಸ 1940ರ ದಶಕದಲ್ಲಿ ಫತ್ಹಿ ಅವರ ಪಾಲಿಗೆ ಬಂತು. ಮನೆಗಳು, ಶಾಲೆ, ರಂಗಮಂದಿರ ಎದ್ದವು. ಗುಮ್ಮಟದ ಮಸೀದಿ ಎದ್ದಿತು, ಅದರ ಮಿನಾರಿಗೆ ಹೊರಗಿನಿಂದಲೇ ಮೆಟ್ಟಿಲು. ಆದರೆ ಊರವರು ಬರಲೊಪ್ಪಲಿಲ್ಲ. ಅವರ ಹೊಟ್ಟೆಪಾಡು ಆ ಗೋರಿಗಳ ಸುತ್ತಲೇ ಇತ್ತು. ಕೆಲಸ ಅರ್ಧಕ್ಕೆ ನಿಂತಿತು. ಊರವರಿಗೇ ಬೇಡವಾದ ಮೇಲೆ ಊರು ಎಷ್ಟು ಚೆಂದವಿದ್ದರೇನು ಎಂದು ನನಗೂ ಅನ್ನಿಸಿತು.

ಸೋತ ಈ ಕಥೆಯನ್ನೇ ಅವರು ಪುಸ್ತಕವಾಗಿ ಬರೆದರು. ಜಗತ್ತು ಅವರನ್ನು ಗುರುತಿಸಿದ್ದು ಆಮೇಲೆ. 1980ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಧ್ಯಕ್ಷರ ಪುರಸ್ಕಾರ ಸಿಕ್ಕಿತು. ಅದೇ ಸುಮಾರಿಗೆ ನುಬಿಯಾದ ಗೌಂಡಿಗಳನ್ನು ಕರೆದುಕೊಂಡು ಹೋಗಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲೂ ಮಣ್ಣಿನ ಮಸೀದಿ ಕಟ್ಟಿಸಿದರು. 1989ರಲ್ಲಿ ಕೈರೋದಲ್ಲಿ ತೀರಿಕೊಂಡರು.

ಹೊಸ ಗೂರ್ನಾದ ಎಷ್ಟೋ ಮನೆಗಳು ಈಗಿಲ್ಲ. ನೆಲದಡಿಯ ನೀರು, ಉಪ್ಪು ಗೋಡೆಗಳನ್ನು ತಿಂದವು, ಆ ಜಾಗದಲ್ಲಿ ಕಾಂಕ್ರೀಟ್ ಬಂತು. ಮಸೀದಿ ಉಳಿದಿದೆ. ಅದು ಬಳಕೆಯಲ್ಲಿದ್ದ ಮಸೀದಿ, ನೋಡಿಕೊಳ್ಳುವವರಿದ್ದರು. ಯುನೆಸ್ಕೋ ಕೂಡ ದುರಸ್ತಿಗೆ ಕೈಜೋಡಿಸಿದೆ. ಅಲ್ಲಿ ಮಳೆಯೇ ಅಪರೂಪ ಎಂಬುದು ನಿಜ, ನಮ್ಮ ಜಡಿಮಳೆಯ ಲೆಕ್ಕವೇ ಬೇರೆ.

ದಾದಾ ಹೋದ ಮೇಲೆ ನಮ್ಮ ಗೋಡೆಗೆ ಸೋಗೆ ಕಟ್ಟಿದವರಿಲ್ಲ. ಈ ಸಲ ಮಳೆ ಹಿಡಿಯುವ ಮೊದಲು ನಾನೇ ಕಟ್ಟುತ್ತೇನೆಂದು ಅಬ್ಬಾ ಅವರ ಹತ್ತಿರ ಹೇಳಿದ್ದೇನೆ. ಅವರಿನ್ನೂ ಹೂಂ ಅಂದಿಲ್ಲ.